ನಾನೂರ ನಲವತ್ತೊಂದನೇ ಚೆಂಡು

ಯಮುನಾ ನಮ್ಮ ಫ್ಯಾಕ್ಟರಿಗೆ ಸೇರಿದಾಗ ಅವಳಿಗೆ ಹತ್ತೊಂಬತ್ತು ತುಂಬಿತ್ತು. ಬಿಟ್ಟು ಹೋದಾಗ ಇಪ್ಪತ್ತೆರಡು. ಒಟ್ಟು ಮೂರು ವರ್ಷ ಎರಡು ತಿಂಗಳು ಇದ್ದಳು. ಅಷ್ಟರಲ್ಲಿ ಅವಳ ಬೆಲೆ ಎಷ್ಟು ಅಂತ ಎಣಿಸಿದವಳು ನಾನು. ಅವಳ ವಿಷಯ ಬೇರೆಯವರು ಹೇಳಿದರೆ ಒಂದೋ ಹೆಚ್ಚಾಗುತ್ತದೆ, ಒಂದೋ ಕಮ್ಮಿಯಾಗುತ್ತದೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಫ್ಯಾಕ್ಟರಿ ಇರುವುದು ಪೀಣ್ಯ ಎರಡನೇ ಹಂತದಲ್ಲಿ. ನಟ್ಟು, ಬೋಲ್ಟು, ಲಾರಿಗೆ ಹಾಕುವ ಪಿನ್ನು ಮಾಡುತ್ತಾರೆ. ಮಾಲೀಕರು ಶೇಖರಪ್ಪನವರು, ದಾವಣಗೆರೆ ಕಡೆಯವರು. ಯಮುನಾಗೆ ಕೆಲಸ ಡೀಬರಿಂಗಿನಲ್ಲಿ. ಮಿಷನ್ನಿಂದ ಇಳಿದ ಪೀಸಿನ ಅಂಚಿಗೆ ಕಬ್ಬಿಣದ ಮುಳ್ಳು ಎದ್ದಿರುತ್ತದೆ, ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಎಂಟು ಗಂಟೆ ನಿಂತೇ ಮಾಡಬೇಕು. ಅವಳು ಕಂಪನಿಯವಳಲ್ಲ, ಕಾಂಟ್ರಾಕ್ಟರ್ ಕಡೆಯವಳು. ಕಂಪನಿಯ ರೋಲಿನಲ್ಲಿ ಹೆಸರಿದ್ದವರಿಗೆ ಕೈ ಮುರಿದರೆ ರಜೆ ಕೊಡುತ್ತಾರೆ, ಸಂಬಳ ಕೊಡುತ್ತಾರೆ. ಕಾಂಟ್ರಾಕ್ಟರ್ ಕಡೆಯವಳಿಗೆ ಕೈ ಮುರಿದರೆ ಆ ಜಾಗಕ್ಕೆ ಬೇರೆ ಹುಡುಗಿ ತರುತ್ತಾರೆ. ಸೇರಿದ ವರ್ಷವೇ ಹಾಕಿ ಆಡುವಾಗ ಅವಳ ಎಡಗೈಯ ಉಂಗುರದ ಬೆರಳು ಮುರಿಯಿತು. ಹತ್ತೊಂಬತ್ತು ದಿನ ಮನೆಯಲ್ಲಿದ್ದಳು, ಹತ್ತೊಂಬತ್ತು ದಿನದ ಕೂಲಿ ಹೋಯಿತು. ಬಂದು ನೋಡಿದರೆ ಅವಳ ಜಾಗದಲ್ಲಿ ಇನ್ನೊಬ್ಬಳು ಅರ ಹಿಡಿದು ನಿಂತಿದ್ದಳು. ಆ ಹುಡುಗಿಗೆ ಟೈಫಾಯ್ಡ್ ಬಂತು, ಯಮುನಾಗೆ ಜಾಗ ಬಂತು.

ಊರು ನೆಲಗದರನಹಳ್ಳಿ. ಅಪ್ಪ ನೀಲಪ್ಪ ಒಂದು ಗೋಡೌನಿಗೆ ವಾಚ್‌ಮನ್. ಆ ಗೋಡೌನು ಕಟ್ಟಿರುವ ಜಾಗ ಅವನ ಅಪ್ಪನದೇ ಹೊಲವಾಗಿತ್ತು, ಅಂತ ಅವನು ಕುಡಿದಾಗ ಹೇಳುತ್ತಿದ್ದ. ಯಮುನಾ ಹಾಕಿ ಕಲಿತದ್ದು ಸರ್ಕಾರಿ ಸ್ಕೂಲಿನಲ್ಲಿ. ಇಪ್ಪತ್ತು ಮಕ್ಕಳಿಗೆ ನಾಲ್ಕು ಕೋಲು. ಮೈದಾನ ಅಂದರೆ ಪ್ಲೇಟಿಂಗ್ ಶೆಡ್ಡಿನ ಹಿಂದಿನ ಜಲ್ಲಿ ನೆಲ. ಬಿದ್ದರೆ ಮಂಡಿಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಅವಳ ಎರಡು ಮಂಡಿಯ ಮೇಲೂ ನಾಲ್ಕಾಣೆ ಅಗಲದ ಕಲೆ ಇತ್ತು.

ಪೀಣ್ಯದ, ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಸೇರಿ ಹೆಣ್ಣುಮಕ್ಕಳಿಗೆ ಒಂದು ಹಾಕಿ ಲೀಗ್ ಶುರು ಮಾಡಿದವು. ಶೇಖರಪ್ಪನವರು ಕಾಲೇಜಿನಲ್ಲಿ ಹಾಕಿ ಆಡಿದವರಂತೆ. ಅವರೂ ಒಂದು ಟೀಮು ಕಟ್ಟಿದರು. ಗೋಲು ಕಾಯುವವಳನ್ನು ಬಿಟ್ಟು ಹದಿಮೂರು ಹುಡುಗಿಯರು, ಎಲ್ಲರೂ ಕಾಂಟ್ರಾಕ್ಟರ್ ಕಡೆಯವರೇ. ಕಲಿಸಲು ವಿನಾಯಕ್ ಅಂತ ಒಬ್ಬನನ್ನು ಇಟ್ಟರು. ಮೊದಲು ಒಳ್ಳೆಯ ಆಟಗಾರ, ಮಂಡಿ ಹೋಗಿ ಬಿಟ್ಟವನು. ಯಮುನಾಳನ್ನು ಅವನು ಹಿಂದಿನ ಸಾಲಿನಲ್ಲಿ, ಗೋಲಿನ ಮುಂದೆ ನಿಲ್ಲಿಸಿದ.

ನಾನು ಅದೇ ಫ್ಯಾಕ್ಟರಿಯ ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಇಪ್ಪತ್ತಾರು ವರ್ಷ ಇದ್ದವಳು. ಒಳ್ಳೆಯ ಪೀಸು, ಕೆಟ್ಟ ಪೀಸು ಬೇರೆ ಮಾಡಿ ಎಣಿಸುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಕ್ಯಾಂಟೀನಿನಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಂದು ದಿನ ಶೇಖರಪ್ಪನವರು ಆಫೀಸಿಗೆ ಕರೆಸಿದರು. ಎಚ್.ಆರ್. ನೋಡಿಕೊಳ್ಳುವ ಬಾಲಾಜಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಪಕ್ಕದಲ್ಲಿದ್ದ.

"ಲಕ್ಷ್ಮಮ್ಮ, ಹಾಕಿ ಆಟ ನೋಡಿದೀಯಾ?"

"ಇಲ್ಲ ಸಾರ್."

"ಒಳ್ಳೇದಾಯ್ತು. ಆಟ ಗೊತ್ತಿರೋರನ್ನ ಎಣಿಸೋಕೆ ಕೂರಿಸಿದ್ರೆ ಎಣಿಸೋದು ಬಿಟ್ಟು ಚಪ್ಪಾಳೆ ತಟ್ತಾರೆ. ನಿಂಗೆ ಆ ಕಾಟ ಇಲ್ಲ."

ವೈಟ್‌ಫೀಲ್ಡಿನಲ್ಲಿ ಒಂದು ಕಂಪನಿ ಕ್ಯಾಮೆರಾ ಇಟ್ಟು ಯಾವ ಹುಡುಗಿ ಎಷ್ಟು ಚೆನ್ನಾಗಿ ಆಡಿದಳು ಅಂತ ಎಣಿಸಿ ಕೊಡುತ್ತದಂತೆ, ಮ್ಯಾಚಿಗೆ ಮೂವತ್ತೆಂಟು ಸಾವಿರ ಅಂತೆ. ಬಾಲಾಜಿ ಹೇಳಿದ.

"ಆ ದುಡ್ಡಿಗೆ ಲಕ್ಷ್ಮಮ್ಮ ಹತ್ತು ವರ್ಷ ಎಣಿಸ್ತಾಳೆ," ಅಂದರು ಶೇಖರಪ್ಪನವರು.

ನನಗೆ ಮ್ಯಾಚಿಗೆ ಮುನ್ನೂರು ರೂಪಾಯಿ, ಒಂದು ಪೊಟ್ಟಣ ಚಿತ್ರಾನ್ನ ಅಂತ ಆಯಿತು.

ಎಣಿಸುವುದು ಯಾಕೆ ಅಂತಲೂ ಬಾಲಾಜಿ ಬಿಡಿಸಿ ಹೇಳಿದ. ಹನ್ನೆರಡು ಮ್ಯಾಚು ಮುಗಿದ ಮೇಲೆ ಯಾರಿಗೆ ನೂರಕ್ಕೆ ಎಪ್ಪತ್ತು ಚೆಂಡು ಓಕೆ ಇರುತ್ತದೋ ಅವರಿಗೆ ಮೂರು ವರ್ಷದ ಕರಾರು. ಕಂಪನಿಯ ರೋಲಿನಲ್ಲಿ ಹೆಸರು, ತಿಂಗಳಿಗೆ ಇಪ್ಪತ್ತಾರು ಸಾವಿರ. ಎಪ್ಪತ್ತಕ್ಕಿಂತ ಕೆಳಗೆ ಬಂದವರಿಗೆ ಒಂದೇ ವರ್ಷ, ಕಾಂಟ್ರಾಕ್ಟರ್ ಕಡೆಯೇ, ಹದಿನಾಲ್ಕು ಸಾವಿರ.

ವಿನಾಯಕ್ ನನಗೆ ಅರ್ಥವಾಗಲಿ ಅಂತ ನನ್ನ ಮಾತಿನಲ್ಲೇ ಹೇಳಿದ. "ಚೆಂಡು ಒಬ್ಬಳ ಕೋಲಿಗೆ ಬಂತಾ, ಅದು ಒಂದು ಪೀಸು ಅಜ್ಜಿ. ಅವಳು ಕೊಟ್ಟದ್ದು ನಮ್ಮವಳಿಗೆ ತಲುಪಿದ್ರೆ ಓಕೆ. ಎದುರಿನವರ ಪಾಲಾದ್ರೆ ರಿಜೆಕ್ಟು. ಇಷ್ಟೇ."

ಬೋಲ್ಟು ವಿಂಗಡಿಸುವ ದೊಡ್ಡ ಟ್ರೇ ಒಂದನ್ನು ತಗೊಂಡು ಅದರ ಒಂದೊಂದು ಮನೆಗೂ ಹುಡುಗಿಯರ ನಂಬರು ಅಂಟಿಸಿದೆ. ಒಬ್ಬೊಬ್ಬಳಿಗೆ ಎರಡು ಮನೆ, ಎಡಕ್ಕೆ ಓಕೆ, ಬಲಕ್ಕೆ ರಿಜೆಕ್ಟು. ಮಡಿಲಿನಲ್ಲಿ ವಾಷರು. ಒಂದು ಚೆಂಡಿಗೆ ಒಂದು ವಾಷರು. ಇಷ್ಟು ಜನರನ್ನು ಒಬ್ಬಳೇ ಹೇಗೆ ನೋಡುತ್ತಾಳೆ ಅಂತ ಎಲ್ಲರೂ ಕೇಳಿದರು. ಜನ ಎಷ್ಟಿದ್ದರೇನು, ಚೆಂಡು ಒಂದೇ. ಕಣ್ಣು ಚೆಂಡಿನ ಮೇಲಿರುತ್ತದೆ, ಕೈ ತಾನೇ ಮನೆ ಹುಡುಕಿಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ ಕೈ.

ಒಂದು ವಿಷಯ ಮಾತ್ರ ನಾನು ವಿನಾಯಕನನ್ನು ಕೇಳಲಿಲ್ಲ. ಒಬ್ಬಳು ಚೆಂಡು ಕಳೆದುಕೊಂಡು, ಅದೇ ಚೆಂಡನ್ನು ತಾನೇ ವಾಪಸ್ ತಂದರೆ ಏನು ಹಾಕಲಿ? ಗೊತ್ತಿಲ್ಲದೆ ಕೇಳಲಿಲ್ಲ ಅಂತಲ್ಲ, ಗೊತ್ತಿದೆ ಅಂತಲೇ ಕೇಳಲಿಲ್ಲ. ಫ್ಯಾಕ್ಟರಿಯಲ್ಲಿ ಒಂದು ಸಲ ರಿಜೆಕ್ಟ್ ಆದ ಪೀಸನ್ನು ತಿರುಗಿ ಮಿಷನ್ನಿಗೆ ಹಾಕಿ ಸರಿ ಮಾಡಬಹುದು. ಅದನ್ನು ರೀವರ್ಕ್ ಅಂತೀವಿ. ಪೀಸು ಸರಿಯಾಗುತ್ತದೆ, ಆದರೆ ಕೆಲಸಗಾರನ ಲೆಕ್ಕದಲ್ಲಿ ಅದು ರಿಜೆಕ್ಟಾಗಿಯೇ ಉಳಿಯುತ್ತದೆ. ಇಲ್ಲವಾದರೆ ಒಂದೇ ಪೀಸಿಗೆ ಎರಡು ಸಲ ಕೂಲಿ ತಗೊಳ್ಳುತ್ತಾನೆ. ಈ ನಿಯಮಕ್ಕಾಗಿ ನಾನು ಎಷ್ಟೋ ಜನರ ಕೈಲಿ ಬೈಸಿಕೊಂಡಿದ್ದೇನೆ, ಬದಲಾಯಿಸಿಲ್ಲ. ಮೈದಾನದಲ್ಲೂ ಹಾಗೇ ಮಾಡಿದೆ.

ಪ್ರತಿ ಸೋಮವಾರ ಬಾಲಾಜಿ ಹಾಜರಿಯ ಪಂಚಿಂಗ್ ಮಿಷನ್ ಪಕ್ಕದ ಬೋರ್ಡಿಗೆ ಹಾಳೆ ಹಚ್ಚುತ್ತಿದ್ದ. ಮೇಲಿಂದ ಕೆಳಗೆ ಹದಿಮೂರು ಹೆಸರು, ಎದುರಿಗೆ ನಂಬರು. ಮೊದಲನೆಯವಳು ಯಾವಾಗಲೂ ಶೈಲಶ್ರೀ. ಪ್ಯಾಕಿಂಗಿನ ಹುಡುಗಿ, ನಡುವಿನ ಸಾಲಿನಲ್ಲಿ ಆಡುತ್ತಿದ್ದಳು. ಚೆಂಡು ಬಂದ ತಕ್ಷಣ ಮೂರಡಿ ಆಚೆ ನಿಂತವಳಿಗೆ ತಳ್ಳುತ್ತಿದ್ದಳು. ನೂರಕ್ಕೆ ಎಂಬತ್ತನಾಲ್ಕು. ಯಮುನಾ ಯಾವಾಗಲೂ ಹನ್ನೆರಡನೆಯವಳು.

ಶಿಫ್ಟಿಗೆ ಬರುವವರೆಲ್ಲ ಬೆರಳಚ್ಚು ಕೊಡಲು ಅಲ್ಲೇ ಸಾಲು ನಿಲ್ಲಬೇಕು. ಓದದೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಶುರುವಾಯಿತು.

"ಯಮುನಾ, ಸಾಂಬಾರ್ ಬಕೆಟ್ ಈ ಕಡೆ ಕೊಡೇ," ಅಂತ ಶೈಲಶ್ರೀ ಕೇಳುವಳು. ಯಮುನಾ ಕೈ ಹಾಕುವಷ್ಟರಲ್ಲಿ, "ಬ್ಯಾಡ ಬ್ಯಾಡ, ಮಡಗು. ನೀನು ಕೊಟ್ರೆ ಎದುರು ಟೇಬಲ್ ಪಾಲಾಯ್ತದೆ," ಅನ್ನುವಳು. ಎರಡು ಟೇಬಲ್ಲಿನವರೂ ನಗುವರು.

ಒಂದು ಗುರುವಾರ ಯಾರೋ ಅವಳ ಹಾಕಿ ಕೋಲಿನ ಕುತ್ತಿಗೆಗೆ ಕೆಂಪು ಬಣ್ಣ ಬಳಿದಿದ್ದರು. ರಿಜೆಕ್ಟ್ ಪೀಸಿಗೆ ಬಳಿಯುವ ಅದೇ ಬಣ್ಣ, ಅದೇ ಬ್ರಷ್ಷು. ಕೋಲನ್ನು ರಿಜೆಕ್ಟ್ ಕ್ರೇಟಿನಲ್ಲಿ ನೆಟ್ಟು ಹೋಗಿದ್ದರು. ಸೂಪರ್‌ವೈಸರ್ ನೋಡಿ ನಕ್ಕ. ಯಮುನಾ ಥಿನ್ನರ್ ಹಚ್ಚಿ ಉಜ್ಜಿದಳು, ಪೂರ್ತಿ ಹೋಗಲಿಲ್ಲ. ಆ ದಿನ ನಾನೂ ನಕ್ಕೆ. ಕೋಲು ಕ್ರೇಟಿನಲ್ಲಿ ನಿಂತಿದ್ದ ರೀತಿ ನಗು ಬರುವ ಹಾಗೇ ಇತ್ತು.

ಮನೆಯಲ್ಲೂ ಗೊತ್ತಾಗಿತ್ತು. ನೀಲಪ್ಪ ಗೇಟಿನ ಹತ್ತಿರವೇ ಬಂದು ಅವಳಿಗೆ ಹೇಳಿದ್ದನ್ನು ನಾನು ಕೇಳಿದೆ. "ರೋಲ್ ಆಯ್ತದೆ ಅಂದ್ರೆ ಆಡು. ಆಗಕಿಲ್ಲ ಅಂದ್ರೆ ಯುಗಾದಿಗೆ ನೀರೊಲೆಗೆ ಬೇರೆ ಸೌದೆ ತರಾಕಿಲ್ಲ ನಾನು. ಆ ಕೋಲೇ ಸಾಕು."

"ಇನ್ನೂ ಮ್ಯಾಚ್ ಐತೆ ಕಣಪ್ಪ," ಅಂದಳು ಅವಳು.

ಹನ್ನೊಂದು ಮ್ಯಾಚಿಗೆ ಯಮುನಾನ ಕೋಲಿಗೆ ಬಂದ ಚೆಂಡು ಸರಿಯಾಗಿ ನಾನೂರು. ಓಕೆ ಇನ್ನೂರ ಅರವತ್ತೆಂಟು, ರಿಜೆಕ್ಟು ನೂರ ಮೂವತ್ತೆರಡು. ನೂರಕ್ಕೆ ಅರವತ್ತೇಳು. ಕೊನೆಯ ಮ್ಯಾಚಿಗೆ ಒಂಬತ್ತು ದಿನ ಇತ್ತು. ಆಗ ಅವಳು ಕ್ಯಾಂಟೀನಿಗೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ನಾನು ಅವರೆಕಾಳು ಆರಿಸುತ್ತಿದ್ದೆ.

"ಅಜ್ಜಿ, ಒಂದು ಕೇಳ್ತೀನಿ. ಬೈಬಾರ್ದು."

"ಕೇಳು."

"ಎಲೆಕ್ಟ್ರಾನಿಕ್ ಸಿಟಿ ಮ್ಯಾಚಲ್ಲಿ ನಂಗೆ ಹದಿನಾಲ್ಕು ರಿಜೆಕ್ಟ್ ಹಾಕಿದೀರಿ."

"ಹದಿನಾಲ್ಕೇ. ಸರಿಯಾಗೈತೆ."

"ನಂಗೆ ನೆಪ್ಪಿರೋದು ನಾಲ್ಕು."

"ನಿಂಗೆ ನೆಪ್ಪಿಲ್ಲ ಅಂದ್ರೆ ನಾನೇನು ಮಾಡ್ಲಿ? ಅವರ ಕಡೆ ಒಂಬತ್ತನೇ ನಂಬರಿನವಳು ಒಬ್ಬಳೇ ಆರು ಸಲ ಕಿತ್ಕೊಂಡ್ಲು."

"ಕಿತ್ಕೊಂಡ್ಲು. ಆಮ್ಯಾಕೆ?"

"ಆಮೇಲೆ ನೀನು ವಾಪಸ್ ತಂದೆ."

"ಆರು ಸಲನೂ ತಂದ್ನಾ?"

"ಆರು ಸಲನೂ ತಂದೆ."

"ಅದುನ್ನ ಎಲ್ಲಿ ಹಾಕುದ್ರಿ?"

"ಅದು ರೀವರ್ಕು. ಲೆಕ್ಕಕ್ಕೆ ಬರಲ್ಲ."

ಅವಳು ನನ್ನ ಮೊರದಿಂದ ಮೂರು ಕಾಳು ತೆಗೆದು ನೆಲದ ಮೇಲಿಟ್ಟಳು. ಒಂದು ತಾನು, ಒಂದು ಎದುರಿನವಳು, ಒಂದು ಚೆಂಡು.

"ಜಲ್ಲಿ ನೆಲದಲ್ಲಿ ಚೆಂಡು ಕೋಲಿಗೆ ಅಂಟ್ಕೊಳಾಕಿಲ್ಲ ಅಜ್ಜಿ. ಎಂಗೂ ಬಿಟ್ಟೋಯ್ತದೆ. ಅದುಕ್ಕೆ ನಾನೇ ಬಿಡ್ತೀನಿ. ಒಂದು ಗೇಣು, ಅವಳ ಮುಂದಕ್ಕೆ. ಕೋಳಿಗೆ ಕಾಳು ಹಾಕ್ದಂಗೆ. ಸಿಕ್ತು ಅಂತ ಅವಳು ಬಗ್ಗಿ ಕೋಲು ಚಾಚ್ತಾಳೆ. ಮುಟ್ತಾಳೆ. ಬಗ್ಗಿದ ಮ್ಯಾಕೆ ಅವಳ ಕಾಲು ಅವಳ ಮಾತು ಕೇಳಾಕಿಲ್ಲ. ಆಗ ಈ ಕಡೆಯಿಂದ ಬಂದು ತಕೊಂಡೋಗ್ತೀನಿ. ಅವಳು ನನ್ನ ಬೆನ್ನ ಹಿಂದೆ ಉಳ್ಕೊಂತಾಳೆ. ದಾರಿ ಖಾಲಿ."

ಕಾಳನ್ನು ಸರಿಸಿ ಸರಿಸಿ ಎರಡು ಸಲ ತೋರಿಸಿದಳು. ನನಗೆ ಅರ್ಥವಾಯಿತು. ಅವಳು ಕಳೆದುಕೊಳ್ಳುತ್ತಿರಲಿಲ್ಲ. ಕೊಟ್ಟು ತಗೊಳ್ಳುತ್ತಿದ್ದಳು. ಹದಿಮೂರು ಹುಡುಗಿಯರಲ್ಲಿ ಹಾಗೆ ಆಡುವವಳು ಅವಳೊಬ್ಬಳೇ. ಅವಳ ಅತಿ ಒಳ್ಳೆಯ ಆಟವನ್ನು ನಾನು ಹನ್ನೊಂದು ಮ್ಯಾಚು ಬಲಗಡೆ ಮನೆಗೆ ಹಾಕಿದ್ದೆ.

"ಈ ಸೀಸನ್ನಲ್ಲಿ ಎಷ್ಟು ಸಲ ಅಂಗೆ ವಾಪಸ್ ತಂದೆ, ಅಜ್ಜಿ?"

"ಗೊತ್ತಿಲ್ಲ. ಎಣಿಸಿಲ್ಲ."

"ಸುಮಾರಾಗಿ?"

"ಸುಮಾರು ನಾನು ಹೇಳಲ್ಲ."

"ಎಣಿಸದು ಬಿಟ್ರೆ ನಿಮಗೆ ಬ್ಯಾರೆ ಏನೂ ತಿಳಿಯಾಕಿಲ್ವಾ?" ಅಂದಳು. ಮೂರೂ ಕಾಳನ್ನು ಊದಿ ಮೊರಕ್ಕೆ ಹಾಕಿ ಎದ್ದು ಹೋದಳು.

ಮಾರನೆಯ ದಿನ ಹತ್ತು ಗಂಟೆಗೆ ನಾನೇ ಆಫೀಸಿಗೆ ಹೋದೆ. ಶೇಖರಪ್ಪನವರು, ಬಾಲಾಜಿ, ವಿನಾಯಕ್ ಮೂವರೂ ಇದ್ದರು. ನನ್ನ ಎಣಿಕೆಯಲ್ಲಿ ತಪ್ಪಿದೆ ಅಂದೆ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ನಾನು ಹೇಳಿದ್ದು ಅದೇ ಮೊದಲು. ಎಲ್ಲವನ್ನೂ ಬಿಡಿಸಿ ಹೇಳಿದೆ.

ವಿನಾಯಕ್ ಹಣೆ ಹಿಡಿದುಕೊಂಡ. "ನಾನು ಆ ಶೀಟು ನೋಡೋದೇ ಇಲ್ಲ ಸಾರ್. ನಂಗೆ ಕಣ್ಣಿದೆ. ಇವಳು ನಮ್ಮ ಟೀಮಿನ ಬೆಸ್ಟ್ ಡಿಫೆಂಡರ್."

"ಕಣ್ಣಲ್ಲಿ ಕಂಡದ್ದನ್ನ ಎಕ್ಸೆಲ್ಲಲ್ಲಿ ಎಲ್ಲಿ ಹಾಕ್ಲಿ ಗುರು?" ಅಂದ ಬಾಲಾಜಿ.

ಶೇಖರಪ್ಪನವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಕೇಳಿದರು. "ಸರಿ ಲಕ್ಷ್ಮಮ್ಮ, ತಿದ್ದೋಣ. ಎಷ್ಟು ಸೇರಿಸ್ಲಿ ಹೇಳು."

"ಗೊತ್ತಿಲ್ಲ ಸಾರ್. ವಾಪಸ್ ತಂದಿದ್ದು ಎಣಿಸಿಲ್ಲ."

"ಐವತ್ತು ಬರಕೊಳ್ಳಲಾ?"

"ಐವತ್ತು ಅಂತ ನಾನು ಹೇಳೋಕಾಗಲ್ಲ."

"ಮೂವತ್ತು?"

ನಾನು ಮೂವತ್ತು ಅಂದಿದ್ದರೆ ಅವಳು ಆ ಕ್ಷಣವೇ ಎಪ್ಪತ್ತು ದಾಟುತ್ತಿದ್ದಳು. ಮೂವತ್ತಕ್ಕಿಂತ ಜಾಸ್ತಿ ಇತ್ತು ಅಂತ ನನಗೆ ಖಂಡಿತ ಗೊತ್ತಿತ್ತು. ಎಷ್ಟು ಜಾಸ್ತಿ ಅಂತ ಗೊತ್ತಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ.

"ನೋಡಿದಿರಾ," ಅಂದರು ಅವರು ಉಳಿದಿಬ್ಬರ ಕಡೆ ತಿರುಗಿ. "ಇದಕ್ಕೇ ಇವಳನ್ನ ಇಟ್ಟಿರೋದು. ಲಕ್ಷ್ಮಮ್ಮ, ನಾನು ಹೊಸದಾಗಿ ಬಂದಾಗ ಅರ್ಧ ಲಾಟ್ ಆದ್ಮೇಲೆ ಅಳೆಯೋ ಗೇಜು ಬದಲಾಯಿಸ್ಬೇಡಿ ಅಂತ ನನಗೇ ಹೇಳಿದವಳು ನೀನು. ಲಾಟ್ ಮುಗೀಲಿ. ಮುಂದಿನ ವರ್ಷ ಗೇಜು ಬದಲಾಯಿಸೋಣ."

ಬಾಲಾಜಿ ಲ್ಯಾಪ್‌ಟಾಪಿನಲ್ಲಿ ಒತ್ತಿ ನೋಡಿದ. "ಇನ್ನೊಂದು ಮ್ಯಾಚಿದೆಯಲ್ಲ ಸಾರ್. ನಲವತ್ತು ಚೆಂಡು ಬಂದು ನಲವತ್ತೂ ಓಕೆ ಆದ್ರೆ ಕರೆಕ್ಟಾಗಿ ಎಪ್ಪತ್ತಾಗತ್ತೆ. ಅವಳ ಕೈಲೇ ಇದೆ."

ಯಮುನಾಗೆ ವಿನಾಯಕ್ ಹೇಳಿದ. ನಲವತ್ತು, ಒಂದೂ ಹೋಗಬಾರದು. ಕಾಳು ಹಾಕುವ ಆಟ ಬೇಡ. ಅವಳು ತಲೆಯಾಡಿಸಿದಳು.

ಕೊನೆಯ ಮ್ಯಾಚು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯವರ ಮೇಲೆ, ಭಾನುವಾರ ಬೆಳಿಗ್ಗೆ. ಗೆದ್ದವರಿಗೆ ಕಪ್ಪು. ನೀಲಿ ಹಾಸಿನ ಮೈದಾನ, ನೀರು ಹೊಡೆದಿದ್ದರು. ನಾನು ನಡುಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟ್ರೇ ಇಟ್ಟುಕೊಂಡು ಕೂತೆ.

ಯಮುನಾ ಆವತ್ತು ಶೈಲಶ್ರೀ ಆಡಿದ ಹಾಗೆ ಆಡಿದಳು. ಚೆಂಡು ಬಂತು, ಪಕ್ಕದವಳಿಗೆ ತಳ್ಳಿದಳು. ಬಂತು, ಗೋಲು ಕಾಯುವವಳಿಗೆ ತಳ್ಳಿದಳು. ಯಾರ ಮೇಲೂ ಹೋಗಲಿಲ್ಲ, ಯಾರನ್ನೂ ಹತ್ತಿರ ಕರೆಯಲಿಲ್ಲ. ಮೊದಲ ಹದಿನೈದು ನಿಮಿಷಕ್ಕೆ ಹನ್ನೊಂದು ಓಕೆ. ಅರ್ಧ ಆಟಕ್ಕೆ ಇಪ್ಪತ್ತೆರಡು. ಮೂರನೇ ಭಾಗದಲ್ಲಿ ನಮ್ಮವರು ಒಂದು ಗೋಲು ಹೊಡೆದರು. ಆಟ ಮುಗಿಯಲು ಮೂರು ನಿಮಿಷ ಇರುವಾಗ ಅವಳ ಎಡಗಡೆ ಮನೆಯಲ್ಲಿ ನಲವತ್ತು ವಾಷರು ಬಿತ್ತು. ಬಲಗಡೆ ಮನೆ ಖಾಲಿ.

ಆಟ ನಿಂತಿದ್ದಾಗ ಅವಳು ನನ್ನ ಕಡೆ ನೋಡಿ ನಾಲ್ಕು ಬೆರಳು ಎತ್ತಿದಳು. ನಾನು ಹೌದು ಅಂತ ತಲೆಯಾಡಿಸಿದೆ. ಇನ್ನು ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಕೊನೆಯ ನಿಮಿಷ. ಶೈಲಶ್ರೀಗೆ ಇಬ್ಬರು ಅಡ್ಡ ಬಂದರು. ಅವಳು ಹಿಂದೆ ನೋಡದೆ ಚೆಂಡನ್ನು ಹಿಂದಕ್ಕೆ ತಳ್ಳಿದಳು. ಚೆಂಡು ನಿಧಾನಕ್ಕೆ ಯಮುನಾನ ಕಡೆ ಉರುಳಿತು, ಅದರ ಬೆನ್ನ ಹಿಂದೆ ಆ ಇಬ್ಬರೂ ಓಡಿ ಬಂದರು. ಯಮುನಾನ ಹಿಂದೆ ಗೋಲು ಕಾಯುವವಳು ಒಬ್ಬಳೇ. ಯಮುನಾ ಅದನ್ನು ಮುಟ್ಟದಿದ್ದರೆ ಶೈಲಶ್ರೀಗೆ ರಿಜೆಕ್ಟು, ಯಮುನಾಗೆ ಏನೂ ಇಲ್ಲ. ಗೋಲು ಆಗಬಹುದಿತ್ತು, ಆದರೆ ಅದಕ್ಕೆ ಟ್ರೇಯಲ್ಲಿ ಮನೆ ಇರಲಿಲ್ಲ.

ಅವಳು ಮುಟ್ಟಿದಳು. ಒಂದು ಗೇಣು ಮುಂದಕ್ಕೆ ಬಿಟ್ಟಳು. ಮೊದಲು ಬಂದವಳು ಬಗ್ಗಿ ಕೋಲು ಚಾಚಿದಳು, ಚೆಂಡು ಅವಳ ಕೋಲಿಗೆ ತಾಗಿತು. ಎರಡನೆಯವಳು ಓಡಿ ಬಂದ ವೇಗಕ್ಕೆ ಬಗ್ಗಿದವಳ ಮೇಲೆಯೇ ಬಿದ್ದಳು. ಯಮುನಾ ಪಕ್ಕದಿಂದ ಬಂದು ಇಬ್ಬರ ನಡುವಿನಿಂದ ಚೆಂಡು ತಗೊಂಡು ಹೋದಳು. ಆಟ ಮುಗಿದ ಸೀಟಿ ಊದಿದರು.

ಎಲ್ಲರೂ ಮೈದಾನದೊಳಗೆ ಓಡಿದರು. ಶೇಖರಪ್ಪನವರು ಬೂಟ್ಸು ಕಾಲಲ್ಲೇ ಓಡಿದರು. ಟ್ರೇ ಹತ್ತಿರ ನಾನೊಬ್ಬಳೇ ಇದ್ದೆ. ಶೈಲಶ್ರೀ ತಳ್ಳಿದ ಚೆಂಡು ನಮ್ಮವಳಿಗೆ ತಲುಪಿತ್ತು. ಶೈಲಶ್ರೀಯ ಎಡಗಡೆ ಮನೆಗೆ ಒಂದು ವಾಷರು ಹಾಕಿದೆ. ಯಮುನಾ ಬಿಟ್ಟದ್ದು ಎದುರಿನವಳ ಕೋಲಿಗೆ ತಾಗಿತ್ತು. ಯಮುನಾನ ಬಲಗಡೆ ಮನೆಗೆ ಒಂದು ಹಾಕಿದೆ.

ಕಪ್ಪು ಹಿಡಿದು ಫೋಟೋ ತೆಗೆದದ್ದು ಆದ ಮೇಲೆ ಅವಳು ಬಂದು ಟ್ರೇ ಮೇಲೆ ಬಗ್ಗಿದಳು. ಬೆವರು ಟ್ರೇಯೊಳಗೆ ತೊಟ್ಟಿಕ್ಕಿತು.

"ಹಾಕುದ್ರಾ?"

"ಹಾಕ್ದೆ."

"ಯಾರೂ ನೋಡ್ತಿರ್ಲಿಲ್ವಲ್ಲ ಅಜ್ಜಿ."

"ಯಾರೂ ನೋಡ್ತಿರ್ಲಿಲ್ಲ."

ಆ ಒಂದು ವಾಷರನ್ನು ಎತ್ತಿ ಹಿಂದೆ ಮುಂದೆ ನೋಡಿ, ಅದೇ ಮನೆಗೆ ವಾಪಸ್ ಹಾಕಿದಳು.

ಬುಧವಾರ ಕರಾರು. ನನ್ನ ಲೆಕ್ಕದ ಹಾಳೆಗೆ ನಾನು ರುಜು ಹಾಕಬೇಕಾಗಿದ್ದರಿಂದ ನನ್ನನ್ನೂ ಕೂರಿಸಿದ್ದರು. ಯಮುನಾನ ಸರದಿ ಬಂದಾಗ ಬಾಲಾಜಿ ಓದಿದ. "ನಾನೂರ ನಲವತ್ತೊಂದಕ್ಕೆ ಮುನ್ನೂರ ಎಂಟು. ಅರವತ್ತೊಂಬತ್ತು ಪಾಯಿಂಟ್ ಎಂಟು ನಾಲ್ಕು."

"ಎಪ್ಪತ್ತು ಅಂತ ಹಾಕ್ರಿ ಬಾಲಾಜಿ," ಅಂದ ವಿನಾಯಕ್. "ತರಕಾರಿ ಅಂಗಡಿಯವನೂ ಅಷ್ಟು ಬಿಡ್ತಾನೆ."

"ಇವಳಿಗೆ ಬಿಟ್ರೆ ನಾಳೆ ಅರವತ್ತೊಂಬತ್ತೂವರೆಯವಳು ಬಂದು ನಿಲ್ತಾಳೆ. ಆಮೇಲೆ ಅರವತ್ತೊಂಬತ್ತು. ಕಟ್‌ಆಫ್ ಯಾಕೆ ಇಡೋದು ಮತ್ತೆ?"

ಶೇಖರಪ್ಪನವರು ಯಮುನಾಗೆ ಕುರ್ಚಿ ತೋರಿಸಿ ಕೂರಲು ಹೇಳಿದರು. "ಆ ಕೊನೇ ಚೆಂಡು ಇದೆಯಲ್ಲಮ್ಮ, ನಾನು ಮೂವತ್ತು ವರ್ಷದಲ್ಲಿ ಅಂಥದ್ದು ನೋಡಿಲ್ಲ. ಕಪ್ಪು ತಂದುಕೊಟ್ಟವಳೇ ನೀನು. ನನ್ನ ಫೋನಲ್ಲಿ ವಿಡಿಯೋ ಇದೆ, ಕಸ್ಟಮರಿಗೆಲ್ಲ ಕಳಿಸಿದೀನಿ." ಫೋನು ತಿರುಗಿಸಿ ಅವಳಿಗೂ ತೋರಿಸಿದರು. ಅವಳು ನೋಡಿದಳು. "ಮುಂದಿನ ವರ್ಷ ಇನ್ನೂ ಚೆನ್ನಾಗಿ ಮಾಡು. ಆಯ್ತಾ?"

"ಆಯ್ತು ಸಾರ್," ಅಂದಳು. ಹದಿನಾಲ್ಕು ಸಾವಿರದ ಕಾಗದಕ್ಕೆ ಮೂರು ಕಡೆ ರುಜು ಹಾಕಿದಳು. ಆಮೇಲೆ ನನ್ನ ಕಡೆ ಹಾಳೆ ಸರಿಸಿ, "ಬೇಗ ಹಾಕ್ರಿ ಅಜ್ಜಿ, ಶಿಫ್ಟ್ ಐತೆ," ಅಂದಳು. ನನ್ನ ರುಜುಗೆ ಹೊತ್ತು ಹಿಡಿಯುತ್ತದೆ. ಅವಳು ನಿಂತು ಕಾದಳು.

ರೋಲಿಗೆ ಹೋದವರು ಐದು ಜನ. ಶೈಲಶ್ರೀ ಮೊದಲನೆಯವಳು. ನೀಲಪ್ಪ ಕೋಲನ್ನು ಒಲೆಗೆ ಹಾಕಲಿಲ್ಲ. ಬರೀ ಅರ ಉಜ್ಜುವ ಕೂಲಿಗಿಂತ ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿ ತರುವ ಕೋಲು ಅದು.

ಮುಂದಿನ ವರ್ಷ ಗೇಜು ಬದಲಾಯಿತು. ಶೇಖರಪ್ಪನವರು ಮಾತಿಗೆ ತಪ್ಪಲಿಲ್ಲ. ಟ್ರೇಯಲ್ಲಿ ಪ್ರತಿ ಹುಡುಗಿಗೂ ಮೂರನೇ ಮನೆ ಮಾಡಿದೆವು. ಕಳೆದುಕೊಂಡ ಚೆಂಡನ್ನು ತಾನೇ ವಾಪಸ್ ತಂದರೆ ವಾಷರು ಅಲ್ಲಿಗೆ ಬೀಳುತ್ತದೆ, ಓಕೆಗಿಂತ ಹೆಚ್ಚು ಬೆಲೆ. ಹುಡುಗಿಯರನ್ನೆಲ್ಲ ಕೂರಿಸಿ ವಿನಾಯಕ್ ಹೇಳಿದ. ಮೊದಲ ಮ್ಯಾಚಿನಲ್ಲಿ ಯಮುನಾನ ಆ ಮನೆಗೆ ಒಂದೂ ಬೀಳಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾನು ಅವಳನ್ನು ಕರೆದು ಹೇಳಿದೆ.

"ಈಗ ಲೆಕ್ಕಕ್ಕೈತೆ ಕಣೇ. ಕಾಳು ಹಾಕು."

"ಈ ವರ್ಷ ಐತೆ. ಕೊನೇಲಿ ಇಲ್ಲ ಅಂದ್ರೆ?"

"ಹಂಗೆ ಮಾಡಲ್ಲ."

"ನೀವು ಮಾಡಾಕಿಲ್ಲ ಅಜ್ಜಿ. ಎಣಿಸೋರು ನೀವು, ಓದೋರು ಅವರು."

ವಿನಾಯಕ್ ಬೈದ, ಆಮೇಲೆ ಬೇಡಿಕೊಂಡ. ನಾಲ್ಕೈದು ಸಲ ಅವಳು ಮಾಡಲು ಹೋದದ್ದನ್ನು ನಾನು ನೋಡಿದೆ. ಕೋಲು ಮುಂದಕ್ಕೆ ಹೋಗುತ್ತಿತ್ತು, ಮಣಿಕಟ್ಟು ಹಿಂದಕ್ಕೆ ಎಳೆಯುತ್ತಿತ್ತು. ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಮೂರಡಿ ಆಚೆ ನಿಂತವಳಿಗೆ ತಳ್ಳುವುದೊಂದೇ ಉಳಿಯಿತು. ಎದುರಿನವರು ಅದನ್ನು ಬೇಗ ಕಂಡುಹಿಡಿದರು. ಚೆಂಡು ಹಿಡಿದು ಬಂದವರೆಲ್ಲ ಅವಳ ಪಕ್ಕದಿಂದಲೇ ಹೋಗುತ್ತಿದ್ದರು. ಹೋಗುವವರಿಗೆ ಟ್ರೇಯಲ್ಲಿ ಆ ವರ್ಷವೂ ಮನೆ ಇರಲಿಲ್ಲ.

ಹನ್ನೆರಡರಲ್ಲಿ ಏಳು ಮ್ಯಾಚು ಸೋತೆವು. ಯಮುನಾನ ನಂಬರು ನೂರಕ್ಕೆ ಎಂಬತ್ತೆಂಟು. ಶೈಲಶ್ರೀಗಿಂತಲೂ ಮೇಲೆ. ಬೋರ್ಡಿನ ಮೇಲೆ ಮೊದಲ ಹೆಸರು ಅವಳದು.

ಕರಾರಿನ ದಿನ ಶೇಖರಪ್ಪನವರು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ಇವಳದು ಬೇಡ," ಅಂದರು.

"ಎಂಬತ್ತೆಂಟು ಸಾರ್," ಅಂದೆ ನಾನು.

"ನಂಬರ್ ಇದೆ ಲಕ್ಷ್ಮಮ್ಮ. ಆದ್ರೆ ನಾನು ಕಣ್ಣಾರೆ ನೋಡಿದೆನಲ್ಲ. ಎದುರಿನವರು ಪಕ್ಕದಲ್ಲೇ ಹೋಗ್ತಾರೆ, ಇವಳು ಬಸ್ ಕಾಯೋ ಹಾಗೆ ನಿಂತಿರ್ತಾಳೆ. ಎಲ್ಲಾನೂ ನಂಬರಲ್ಲಿ ನೋಡೋಕಾಗತ್ತಾ?"

"ಹೋದ ವರ್ಷ ನಂಬರಲ್ಲೇ ನೋಡಿದ್ರಿ ಸಾರ್."

"ನಿನ್ನ ಕೆಲಸ ಎಣಿಸೋದು," ಅಂದರು. ಗಟ್ಟಿಯಾಗಿ ಅನ್ನಲಿಲ್ಲ. ವಿನಾಯಕ್ ಕಿಟಕಿ ನೋಡುತ್ತಿದ್ದ. ಅವನ ಕೆಲಸವೂ ಆ ತಿಂಗಳೇ ಹೋಗುವುದಿತ್ತು, ಅವನಿಗೆ ಗೊತ್ತಿತ್ತು.

ಬಾಲಾಜಿ ಹೊರಗೆ ಹೋಗಿ ಯಮುನಾಗೆ ಹೇಳಿ ಬಂದ. ಆಟದ ಕರಾರು ಇಲ್ಲವೆಂದ ಮೇಲೆ ಕಾಂಟ್ರಾಕ್ಟರ್ ತನ್ನ ಪಟ್ಟಿಯಿಂದಲೂ ಹೆಸರು ತೆಗೆದ. ಡೀಬರಿಂಗಿನ ಅವಳ ಜಾಗಕ್ಕೆ ಆಗಲೇ ಹುಡುಗಿ ಬಂದಿದ್ದಳು. ಸಂಜೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಅವಳು ಕ್ಯಾಂಟೀನಿಗೆ ಬಂದಳು. ನಾನು ಟ್ರೇ ತೊಳೆದು ಒರೆಸುತ್ತಿದ್ದೆ.

"ಮೂರನೇ ಮನೇಲಿ ನಂದು ಎಷ್ಟಾಯ್ತು ಅಜ್ಜಿ, ಈ ವರ್ಷ?"

"ಸೊನ್ನೆ."

"ಅದು ಸರಿಯಾಗೈತೆ," ಅಂದಳು. ಬ್ಯಾಗು ಹೆಗಲಿಗೇರಿಸಿಕೊಂಡು ಗೇಟಿನ ಕಡೆ ಹೋದಳು. ಗೇಟಿನಲ್ಲಿ ಸೆಕ್ಯೂರಿಟಿಯವನು ಬ್ಯಾಗು ಬಿಚ್ಚಿಸಿ, ಕಂಪನಿಯ ಸಾಮಾನು ಏನಾದರೂ ಇದೆಯಾ ಅಂತ ಒಂದೊಂದೇ ತೆಗೆದು ನೋಡಿದ. ಕೋಲು ಕಂಪನಿಯದು ಅಂತ ಅದನ್ನು ಇಟ್ಟುಕೊಂಡ.